ಬೆನ್ನಿಲ್ಲದ ಕೋಟು

ಉಪ್ಪಳ ಪೇಟೆ, ರೈಲ್ವೆ ಗೇಟಿನ ಪಕ್ಕ
ಮೋಂತುಬಾಬರ ಸ್ಟುಡಿಯೊ. ಅದರ ಮೇಲಿನ ಕೋಣೆ ನನ್ನದು.
ಕೆಳಗೆ ಮೊಳೆಯಲ್ಲಿ ಒಂದು ನೀಲಿ ಕೋಟು,
ಮೂವತ್ತೆರಡು ವರ್ಷದಿಂದ ಅದೇ ಕೋಟು.
ದುಬೈಗೆ ಹೋದವರು, ಹೋಗಬೇಕೆಂದಿದ್ದವರು,
ವೀಸಾ ಬಾರದೆ ಮೀನಿನ ಲಾರಿ ಹತ್ತಿದವರು,
ಎಲ್ಲರೂ ಒಮ್ಮೆ ಅದರೊಳಗೆ ತೋಳು ತೂರಿಸಿದ್ದಾರೆ.

ಹಿಂದಿನಿಂದ ನೋಡಬಾರದು ಅದನ್ನು.
ಬೆನ್ನು ಉದ್ದಕ್ಕೂ ಸೀಳಿದೆ.
ತೆಳ್ಳಗಿದ್ದವರಿಗೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು,
ದಪ್ಪಗಿದ್ದವರಿಗೆ ಹಾಗೆಯೇ ಬಿಟ್ಟು ಬಿಡುವುದು.
"ಮುಂದೆ ಹೊಲಿದಿರಬೇಕು, ಹಿಂದೆ ತೆರೆದಿರಬೇಕು,
ಇಷ್ಟೇ ನೋಡು ಕಸುಬು" ಎನ್ನುತ್ತಾರೆ ಮೋಂತುಬಾಬ್.

ನನಗೆ ಬಂದ ಕೆಲಸ:
ಬೀಡಿ ಸಂಘದ ವೆಬ್ ಪುಟಗಳಲ್ಲಿ
ಸದಸ್ಯೆಯರ ಹೆಸರಿನ ಪಕ್ಕ ಮುಖ ಕೂರಿಸುವುದು.
ಹಾಜರಿಯಲ್ಲಿ, ಬೋನಸ್ ಪಟ್ಟಿಯಲ್ಲಿ,
ಎಲೆ ತಂಬಾಕಿನ ಲೆಕ್ಕದಲ್ಲಿ, ಸಾಲದ ಅರ್ಜಿಯಲ್ಲಿ.
ನಾಲ್ಕು ಪುಟಕ್ಕೆ ನಾಲ್ಕು ಸಲ ಬರೆದೆ.
ನಾಲ್ಕು ಅಳತೆಯ ವೃತ್ತ, ನಾಲ್ಕು ಬಗೆಯ ತಪ್ಪು.
ಮಧ್ಯಾಹ್ನ ಊಟಕ್ಕೆ ಇಳಿಯುವಾಗ
ಫ್ಯಾನಿನ ಗಾಳಿಗೆ ಕೋಟು ಒಂದು ತೋಳು ಆಡಿಸಿತು.

ಹತ್ತಿ ಬಂದು ನಾಲ್ಕನ್ನೂ ಅಳಿಸಿದೆ.
ಹೆಸರು ಕೊಡು, ಚಿತ್ರ ಕೊಡು, ಎಷ್ಟು ದೊಡ್ಡದು ಹೇಳು,
ಉಳಿದದ್ದು ನನಗೆ ಬಿಡು ಎನ್ನುವ
ಒಂದೇ ಒಂದು ಕಂಪೋನೆಂಟು ಹೊಲಿದೆ.

ಚಿತ್ರಗಳು ಬರತೊಡಗಿದವು.
ಪೂವಕ್ಕನ ಮುಖ ಅಡ್ಡ ಮಲಗಿ ಬಂತು;
ಎಬ್ಬಿಸಿ ಕೂರಿಸಲು ಹನ್ನೊಂದು ಸಾಲು.
ಸೆವ್ರಿನ್ ಬಾಯಿಯದು ಒಂಬತ್ತು ಎಂಬಿ, ಮುಕ್ಕಾಲು ಗೋಡೆ;
ವೃತ್ತ ಕತ್ತರಿಸಿದರೆ ಉಳಿದದ್ದು
ಅವರ ಒಂದು ಕಿವಿ, ಕ್ಯಾಲೆಂಡರಿನ ಜೂನ್ ತಿಂಗಳು.
ಅವ್ವಮ್ಮ ಕಳಿಸಿದ್ದು ಬರೀ ಕೈ.
ಎಲೆ ಸುತ್ತುವ ಬೆರಳು, ತುದಿಯಲ್ಲಿ ನೂಲು.
"ಮುಖ ಯಾಕೆ ಮೋಳೇ, ಸಂಘಕ್ಕೆ ಗೊತ್ತಿರುವುದು ಇದೇ ಅಲ್ಲವಾ?"
ಕಾರ್ಯದರ್ಶಿ ಗೊಣಗಿದರು.
ನನ್ನ ವೃತ್ತ ಮುಖವೋ ಕೈಯೋ ಎಂದು ಕೇಳುವುದಿಲ್ಲ.
ಕೇಳುವ ಹಾಗೆ ನಾನು ಬರೆಯಲೂ ಇಲ್ಲ.

ಏನೂ ಕಳಿಸದವರಿಗೆ ಹೆಸರಿನ ಮೊದಲ ಅಕ್ಷರ.
ಸಿಕ್ಕಿಬಿದ್ದದ್ದು ಅಲ್ಲಿ.
ಯಂತ್ರ ಕೊಂಬು ಕಳಚಿ, ಸುಳಿ ಕಿತ್ತು,
ಬರಿಯ ಅಕ್ಷರ ಎಸೆಯಿತು ಮುಂದೆ:
ಕೊರಪೊಳು, ಕುಂಞಾಮಿನ, ಕೃಷ್ಣಾಬಾಯಿ
ಮೂವರೂ ಸಾಲಾಗಿ ಕ, ಕ, ಕ,
ಕಾಗೆಗಳ ಹಾಗೆ.
ಒಂದನೇ ಕ್ಲಾಸಿನ ಟೀಚರು ಬೈದದ್ದು ನೆನಪಾಯಿತು:
ಕೊಂಬು ಅಕ್ಷರದ ಒಡವೆಯಲ್ಲವೇ, ಬಿಚ್ಚಿ ಇಡಲಿಕ್ಕೆ. ಅದು ಅದರ ಕೈ.
ಕಾಗುಣಿತ ಮುರಿಯದೆ ಕತ್ತರಿಸಲು
ಒಂದು ಇಡೀ ರಾತ್ರಿ, ಎರಡು ಗೂಡ್ಸ್ ರೈಲು.
ಹೆಸರನ್ನು ಮಲಯಾಳದಲ್ಲಿ ಬರೆದವರಿಗೆ ಮಲಯಾಳದ ಅಕ್ಷರ.
ಯಾವ ಭಾಷೆ ಮೇಲೆ ಬರಬೇಕು ಎಂದು ಕಾರ್ಯದರ್ಶಿ.
ಅವರು ಬರೆದದ್ದು, ಎಂದೆ.

ಆಟಿ ತಿಂಗಳಲ್ಲಿ ದೇಯಕ್ಕ ತೀರಿಹೋದರು.
ಫೋಟೊ ತೆಗೆಯಬೇಕಂತೆ, ಫೋನು ಬಂತು.
ಒಂದು ಕಡೆ ತೆಗೆದೆ.
ನಾಲ್ಕೂ ಪುಟದಿಂದ ಒಂದೇ ಕ್ಷಣಕ್ಕೆ ಹೋದರು.
ಒಮ್ಮೆ ಬದಲಿಸಿದರೆ ಸಾಕು, ಎಲ್ಲ ಕಡೆ ಬದಲಾಗುತ್ತದೆ
ಎಂದು ಸಂಘಕ್ಕೆ ಕೊಟ್ಟ ಕಾಗದದಲ್ಲಿ
ಲಾಭದ ಕೆಳಗೆ ನಾನೇ ಬರೆದಿದ್ದೆ.

ಆಫೀಸಿನ ಹಳೆಯ ಕಂಪ್ಯೂಟರು ಮಾತ್ರ
ಹಳೆಯ ಪ್ರತಿಯನ್ನು ಇಟ್ಟುಕೊಂಡಿತ್ತು.
ಮೂರು ದಿನ ಅಲ್ಲಿ ದೇಯಕ್ಕ,
ಬೋನಸ್ ಪಟ್ಟಿಯಲ್ಲಿ, ವೀಳ್ಯ ಜಗಿದ ನಗು.
ರಿಫ್ರೆಶ್ ಒತ್ತಿ ಎನ್ನಬಹುದಿತ್ತು ನಾನು.
ತಾನಾಗಿ ಹೋಗುತ್ತದೆ ಎಂದೆ.

ನಿನ್ನೆ ಪರೀಕ್ಷೆಗೆಂದು ಮಾಡಿದ ಸುಳ್ಳು ಸದಸ್ಯೆಗೆ
ಒಂದು ಮುಖ ಬೇಕಿತ್ತು. ಕೆಳಗಿಳಿದೆ.
ಮೋಂತುಬಾಬ್ ಮೊಳೆಯಿಂದ ಕೋಟು ತೆಗೆದು
ಚೂಡಿದಾರದ ಮೇಲೆಯೇ ತೊಡಿಸಿದರು,
ಹಿಂದೆ ಎರಡು ಕ್ಲಿಪ್ಪು ಹಾಕಿದರು.
ಯಾರದೋ ಬೆವರು, ಯಾರದೋ ಅತ್ತರು ಕಾಲರಿನಲ್ಲಿ.
ಗಲ್ಲ ಸ್ವಲ್ಪ ಎತ್ತು, ಅಂದರು.
ಎತ್ತಿದೆ.
ಬೆನ್ನಿಗೆ ತಣ್ಣಗೆ ಫ್ಯಾನಿನ ಗಾಳಿ.